ಮುಖ ತೊಳೆಯದ ಗುಮಾಸ್ತ

ನಮ್ಮ ದೊಡ್ಡಮ್ಮನ ಸ್ಟುಡಿಯೊದಲ್ಲಿ ಮುಖ ತೊಳೆಯದೆ ಫೋಟೊ ತೆಗೆಸಿಕೊಂಡವರು ಒಬ್ಬರೂ ಇಲ್ಲ. ಬಾಗಿಲು ದಾಟಿದ ಕೂಡಲೇ ಎಡಗಡೆ ಒಂದು ಬೇಸಿನ್ನು, ಅದರ ಅಂಚಿನಲ್ಲಿ ಸೋಪು, ಮೊಳೆಗೆ ನೇತುಹಾಕಿದ ಟವೆಲು, ದಾರ ಕಟ್ಟಿದ ಬಾಚಣಿಗೆ. ದಾರ ಯಾಕೆಂದರೆ ಇದಕ್ಕೆ ಮುಂಚಿನ ಹನ್ನೊಂದು ಬಾಚಣಿಗೆಗಳು ಗಿರಾಕಿಗಳ ಜೇಬು ಸೇರಿವೆ. "ಮೊದ್ಲು ಮುಖ ತೊಳ್ಕೊಂಡು ಬನ್ನಿ" ಎನ್ನುವುದೇ ದೊಡ್ಡಮ್ಮ ಬಂದವರಿಗೆ ಹೇಳುವ ನಮಸ್ಕಾರ. ಈಗಷ್ಟೇ ಸ್ನಾನ ಮಾಡಿ ಬಂದೆ ಎಂದು ಅಂಗಲಾಚಿದರೂ ಬಿಡುವುದಿಲ್ಲ. ಮದುವೆಗೆ ಮುಂಚೆ ದೊಡ್ಡಪ್ಪ ಯಾವುದೋ ಅರ್ಜಿಗೆ ಫೋಟೊ ಬೇಕೆಂದು ಬಂದಾಗ ಮೂರು ಸಲ ಬೇಸಿನ್ನಿಗೆ ಅಟ್ಟಿದ್ದಳಂತೆ. "ನಾಲ್ಕನೇ ಸಲ ಕಳಿಸಿದ್ರೆ ಚರ್ಮ ಉಳಿಯಲ್ಲ ಅನ್ನಿಸ್ತು, ಅದಕ್ಕೇ ಮದುವೆ ಆಗಿಬಿಟ್ಟೆ" ಎಂದು ಅವನು ಈಗಲೂ ಹೇಳುತ್ತಾನೆ.

ಅಂಗಡಿ ಒಂದೇ, ನಡುವೆ ಪ್ಲೈವುಡ್ಡಿನ ಗೋಡೆ. ಆಚೆ ದೊಡ್ಡಪ್ಪ ಗಡಿಯಾರ ರಿಪೇರಿ ಮಾಡುತ್ತಾನೆ, ಈಚೆ ದೊಡ್ಡಮ್ಮ ಮನುಷ್ಯರನ್ನು ರಿಪೇರಿ ಮಾಡುತ್ತಾಳೆ. ಗಲ್ಲ ಮೇಲೆ, ಭುಜ ಕೆಳಗೆ, ಎರಡೂ ಕಿವಿ ಕಾಣಬೇಕು, ನಗಬಾರದು, ಅಳಲೂಬಾರದು. ಇಷ್ಟೆಲ್ಲ ಕಟ್ಟುನಿಟ್ಟಿನ ನಡುವೆಯೂ ಒಂದು ವಿಷಯದಲ್ಲಿ ಮಾತ್ರ ಅವಳು ಯಾರ ಮುಖಕ್ಕೂ ಕೈ ಹಾಕುವುದಿಲ್ಲ. ಒಮ್ಮೆ ಮದುವೆ ಗೊತ್ತಾದ ಹುಡುಗಿಯೊಬ್ಬಳು ಬಂದು ತುಟಿ ಮೇಲಿನ ಮಚ್ಚೆಯನ್ನು ಫೋಟೊದಲ್ಲಿ ಅಳಿಸಿಕೊಡಿ ಎಂದಳು. "ಮಚ್ಚೆ ಅಂದ್ರೆ ಮನುಷ್ಯರ ಗುರುತು ಕಣಮ್ಮ. ಅದನ್ನ ಅಳಿಸಿದ್ರೆ ಫೋಟೊದಲ್ಲಿ ಇರೋದು ಇನ್ಯಾರೋ. ಆ ಇನ್ಯಾರೋನ ಕರ್ಕೊಂಡು ಬಾ, ತೆಗೆದುಕೊಡ್ತೀನಿ" ಎಂದು ದೊಡ್ಡಮ್ಮ ಬಾಗಿಲು ತೋರಿಸಿದಳು. ಆ ಹುಡುಗಿಗೆ ಈಗ ಇಬ್ಬರು ಮಕ್ಕಳು. ಇಬ್ಬರ ಫೋಟೊವೂ ಇಲ್ಲೇ ಆಗಿದೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ!

ಇಂಥ ದೊಡ್ಡಮ್ಮನಿಗೆ ಮೂವತ್ತೆರಡು ವರ್ಷಗಳಿಂದ ಒಂದೇ ಕೊರಗು. ಆ ಕೊರಗಿಗೆ ಒಂದು ಮುಖವೂ ಇತ್ತು: ನಮ್ಮ ಬೀದಿಯ ತುದಿಯಲ್ಲಿರುವ ಅರಣ್ಯ ಕಚೇರಿಯ ಕೌಂಟರಿನ ಗುಮಾಸ್ತರದು. ಅವರಿಗೆ ದೊಡ್ಡಮ್ಮ ಇಟ್ಟ ಹೆಸರು ಸೀಲಪ್ಪ. ಅರ್ಜಿ ಒಳಗೆ ಹೋದರೆ ಸಾಕು, ತಲೆ ಎತ್ತದೆ ಧಡ್ ಎಂದು ಸೀಲು ಕುಟ್ಟುತ್ತಾರೆ. ಅದು ದೊಡ್ಡಮ್ಮ ಅರ್ಧ ಗಂಟೆ ಒದ್ದಾಡಿ, ಬೆಳಕು ಹೊಂದಿಸಿ, ಕಿವಿ ತೋರಿಸಿ ತೆಗೆದ ಮುಖದ ಮೇಲೆಯೇ ಬೀಳುತ್ತದೆ.

"ಈ ಊರಿನ ಮುಖಗಳನ್ನೆಲ್ಲ ನಾನೇ ತೆಗೆದಿದ್ದೀನಿ" ಎನ್ನುವಳು. "ನನ್ನ ಫೋಟೊಗೆ ಗಮ್ ಹಚ್ಚಿದವರಿದ್ದಾರೆ, ಪಿನ್ ಹೊಡೆದವರಿದ್ದಾರೆ, ಸೀಲು ಕುಟ್ಟಿದವರಿದ್ದಾರೆ. ನೋಡಿದವರು ಒಬ್ಬರಾದ್ರೂ ಇದ್ದಾರಾ?"

"ನಾನು ನೋಡಿದ್ದೀನಲ್ಲೇ" ಎಂದು ಪ್ಲೈವುಡ್ಡಿನ ಆಚೆಯಿಂದ ದೊಡ್ಡಪ್ಪ.

"ನೀವು ಗಡಿಯಾರ ನೋಡ್ಕೊಳ್ಳಿ."

ಹೀಗಿರುವಾಗ ಒಂದು ದಿನ ಗಿಡಮರದ ಮೇಡಂ ಬಂದರು. ಅವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವರು. ಕೊರಳಿಗೆ ನೇತುಹಾಕಿಕೊಳ್ಳುವ ಪುಟ್ಟ ಭೂತಗನ್ನಡಿಯ ತಿರುಪು ಬಿದ್ದುಹೋಗಿತ್ತು, ದೊಡ್ಡಪ್ಪನ ಹತ್ತಿರ ಸರಿಮಾಡಿಸಲು ಬಂದಿದ್ದರು. ಅದು ಸರಿಯಾಗಿ ಕೈಗೆ ಬಂದ ಮೇಲೆ ಈಚೆಯ ಗೋಡೆಗೆ ಅಂಟಿಸಿದ್ದ ಪಾಸ್‌ಪೋರ್ಟ್ ಫೋಟೊಗಳನ್ನು ಆ ರಿಪೇರಿಯಾದ ಕನ್ನಡಿಯಲ್ಲೇ ನೋಡಿದರು. ಒಂದು ಫೋಟೊದಲ್ಲಿ ಹುಬ್ಬಿನ ಕೂದಲನ್ನು ಎಣಿಸಬಹುದಾಗಿತ್ತು. ಎಣಿಸಿಯೂ ನೋಡಿದರು ಎಂದು ಕಾಣುತ್ತದೆ, ಯಾಕೆಂದರೆ ಬಹಳ ಹೊತ್ತು ಅಲ್ಲಿಂದ ಅಲ್ಲಾಡಲಿಲ್ಲ.

"ನಾನೊಂದು ಪುಸ್ತಕ ಮಾಡ್ತಿದ್ದೀನಿ" ಎಂದರು ಮೇಡಂ. "ನಮ್ಮ ಮಳೆಕಾಡಿನ ಪಾಚಿ, ಕಲ್ಲುಹೂವುಗಳ ಬಗ್ಗೆ. ನಲವತ್ತು ಪಾಚಿ, ಅರವತ್ತು ಕಲ್ಲುಹೂವು. ನಾನು ತೆಗೆದ್ರೆ ಕೈ ನಡುಗುತ್ತೆ, ಎಲ್ಲಾ ಮಂಜು ಮಂಜು. ನೀವು ತೆಗೆದುಕೊಡ್ತೀರಾ?"

"ಅವು ಅಲ್ಲಾಡ್ತವಾ?" ದೊಡ್ಡಮ್ಮ ಕೇಳಿದ ಮೊದಲ ಪ್ರಶ್ನೆ.

"ಇಲ್ಲ."

"ಕಣ್ಣು ಮುಚ್ಚೋದು, ನಗೋದು?"

"ಅದೂ ಇಲ್ಲ."

"ಹಾಗಾದ್ರೆ ಆಯ್ತು."

ಪುಸ್ತಕದಲ್ಲಿ ಒಂದು ಪುಟಕ್ಕೆ ನಾಲ್ಕು ಚಿತ್ರ ಎಂದು ಮೇಡಂ ವಿವರಿಸಿದಾಗ ದೊಡ್ಡಮ್ಮನ ಮುಖ ಸ್ವಲ್ಪ ಬಾಡಿತು. ಅಲ್ಲೂ ಪಾಸ್‌ಪೋರ್ಟ್ ಸೈಜೇ! ಆದರೆ ಮೊದಲನೇ ಪುಟದಲ್ಲಿ ಮಾತ್ರ ಒಂದೇ ಚಿತ್ರ, ಪುಟದ ತುಂಬ. ಅದಕ್ಕೆ ಮೇಡಂ ಆರಿಸಿಟ್ಟಿದ್ದು ಒಂದು ವಿಚಿತ್ರ ಕಲ್ಲುಹೂವನ್ನು. ಮರದ ತೊಗಟೆಗೆ ಸುಣ್ಣ ಬಳಿದಂತೆ ಬೂದು ಬಿಳುಪಾಗಿ ಅಂಟಿಕೊಂಡಿರುತ್ತದಂತೆ, ಅದರ ಮೇಲೆಲ್ಲ ಯಾರೋ ಕಪ್ಪು ಶಾಯಿಯಲ್ಲಿ ಅವಸರವಸರವಾಗಿ ಬರೆದಂಥ ಗೀಟುಗಳಂತೆ. ದೊಡ್ಡಮ್ಮ ಅದಕ್ಕೆ ಅಲ್ಲೇ 'ಗುಮಾಸ್ತ' ಎಂದು ಹೆಸರಿಟ್ಟಳು. ಮೇಡಂ ಹೋದ ಮೇಲೆ ಬಾಗಿಲು ಹಾಕಿ ನನ್ನ ಕಡೆ ತಿರುಗಿದಳು. "ಪುಸ್ತಕದ ಮೊದಲನೇ ಪುಟ ಕಣೇ. ಪುಟದ ತುಂಬಾ. ಅದಕ್ಕೆ ಯಾರೂ ಪಿನ್ ಹೊಡೆಯಲ್ಲ, ಸೀಲು ಹೊಡೆಯಲ್ಲ. ಪುಸ್ತಕ ತೆಗೆದವರು ಅದನ್ನ ನೋಡ್ಲೇಬೇಕು." ಅವಳ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಮುಂಚೆ ಕೇಳಿರಲಿಲ್ಲ.

ನಾನು ಅವಳ ತಂಗಿಯ ಮಗಳು, ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತೇನೆ. ಬೇಸಿಗೆ ರಜೆ ಇರುವುದು ಮೇಷ್ಟ್ರುಗಳ ವಿಶ್ರಾಂತಿಗೆ ಎಂದು ಲೋಕ ತಿಳಿದಿದೆ. ದೊಡ್ಡಮ್ಮ ಮಾತ್ರ ಅದು ತನಗೆ ಬಿಟ್ಟಿ ಕೂಲಿ ಸಿಗಲೆಂದು ಸರ್ಕಾರ ಮಾಡಿದ ಏರ್ಪಾಡು ಎಂದು ತಿಳಿದಿದ್ದಾಳೆ. ಹಾಗಾಗಿ ಮೂರುಕಾಲಿನ ಸ್ಟ್ಯಾಂಡು, ಕೊಡೆ, ಊಟದ ಡಬ್ಬಿ ಮತ್ತು ನೀರು ಚಿಮುಕಿಸುವ ಬಾಟಲಿ ನನ್ನ ಪಾಲಿಗೆ ಬಂದವು.

ಕಾಡಿಗೆ ಹೋಗಲು ಅನುಮತಿ ಪತ್ರ ಬೇಕು, ಅದಕ್ಕೆ ಫೋಟೊ ಬೇಕು. ದೊಡ್ಡಮ್ಮ ತಾನೇ ಎರಡು ಸಲ ಮುಖ ತೊಳೆದು, ಸ್ಟೂಲಿನ ಮೇಲೆ ಕುಳಿತು, ತನ್ನ ಫೋಟೊ ತಾನೇ ತೆಗೆದುಕೊಂಡಳು. ಸೀಲಪ್ಪನವರು ನೇರವಾಗಿ ಅದರ ಮೂಗಿನ ಮೇಲೆ ಸೀಲು ಕುಟ್ಟಿದರು.

"ಸೀಲು ಅರ್ಧ ಫೋಟೊ ಮೇಲೆ, ಅರ್ಧ ಕಾಗದದ ಮೇಲೆ ಬೀಳ್ಬೇಕು ಅಂತ ತಾನೆ ನಿಯಮ?" ಎಂದಳು ದೊಡ್ಡಮ್ಮ.

"ಬಿದ್ದಿದೆಯಲ್ಲ."

"ಮೂಗಿನ ಮೇಲೇ ಬೀಳ್ಬೇಕು ಅಂತಿದೆಯಾ?"

"ಮುಂದಿನವರು ಬನ್ನಿ" ಎಂದರು ಸೀಲಪ್ಪನವರು, ತಲೆ ಎತ್ತದೆ.

ಕಾಡು ನಮ್ಮ ಕೊನೆಯ ಬಸ್ ಸ್ಟಾಪಿನ ಹಿಂದೆಯೇ ಶುರುವಾಗುತ್ತದೆ. ಹತ್ತು ಹೆಜ್ಜೆ ಒಳಗೆ ಹೋದರೆ ಬಸ್ಸಿನ ಸದ್ದಿಲ್ಲ, ಆಕಾಶವೂ ಇಲ್ಲ. ಬರಿಯ ತೊಗಟೆ ಕಂಡರೆ ಎಲ್ಲಿ ಮರ್ಯಾದೆ ಹೋಗುತ್ತದೋ ಎಂಬಂತೆ ಪ್ರತಿ ಮರವೂ ಏನಾದರೊಂದನ್ನು ಉಟ್ಟುಕೊಂಡಿತ್ತು. ಕಲ್ಲಿನ ಮೇಲೆ ಪಾಚಿ, ಬೇರಿನ ಮೇಲೆ ಪಾಚಿ, ಬಿದ್ದ ಕೊಂಬೆಯ ಮೇಲೆ ಪಾಚಿ, ಆ ಪಾಚಿಯ ಮೇಲೆ ಇನ್ನೊಂದು ಪಾಚಿ. ನನ್ನ ಕಾಲಿನ ಮೇಲೆ ಜಿಗಣೆ. ಮೊದಲನೇ ದಿನ ಮೇಡಂ ಜೊತೆಗೆ ಬಂದು ಎಲ್ಲವನ್ನೂ ತೋರಿಸಿ, ಮರಗಳಿಗೆ ಬಟ್ಟೆಯ ಗುರುತು ಕಟ್ಟಿದರು.

"ಪಾಚಿ ಗಿಡ" ಎಂದರು. "ಬೇರಿಲ್ಲ, ಹೂವಿಲ್ಲ, ಆದ್ರೂ ಗಿಡ. ಕಲ್ಲುಹೂವು ಹಾಗಲ್ಲ. ಅದು ಕಲ್ಲೂ ಅಲ್ಲ, ಹೂವೂ ಅಲ್ಲ, ಒಂದು ಸಂಸಾರ. ಅಣಬೆ ಜಾತಿಯದೊಂದು ಮನೆ ಕಟ್ಟುತ್ತೆ, ಒಳಗೆ ಕಣ್ಣಿಗೆ ಕಾಣದ ಹಸಿರು ಕಣಗಳು ಕೂತು ಅಡುಗೆ ಮಾಡ್ತವೆ."

"ಮನೆ ಕಟ್ಟಿದವನ ಹೆಸರು ಹೊರಗೆ, ಅಡುಗೆ ಮಾಡೋಳು ಒಳಗೆ" ಎಂದಳು ದೊಡ್ಡಮ್ಮ. "ಕಾಡಲ್ಲೂ ಅದೇ ಕಥೆ ಅನ್ನಿ."

ಮೇಡಂ ನಕ್ಕು, ಒಣಗಿ ಮುದುರಿಕೊಂಡಿದ್ದ ಒಂದು ಪಾಚಿಗೆ ನೀರು ಚಿಮುಕಿಸಿದರು. ಎರಡು ನಿಮಿಷದಲ್ಲಿ ಅದು ಮೈ ಮುರಿದು ಎದ್ದಂತೆ ಅರಳಿ, ಅಂಗೈಯಗಲದ ಒಂದು ಕಾಡೇ ಆಗಿ ನಿಂತಿತು. "ಪಾಚಿ ಒಣಗಿದ್ರೆ ಹೀಗೆ ನೀರು ಹಾಕಿ ತೆಗೀರಿ" ಎಂದು ಹೇಳಿ ಮೇಡಂ ಕಾಲೇಜಿನ ಪರೀಕ್ಷೆ ಕೆಲಸಕ್ಕೆ ಹೊರಟುಹೋದರು. ಪಾಚಿ ಎಂದರೇ ಹೊರತು ಕಲ್ಲುಹೂವು ಎನ್ನಲಿಲ್ಲ. ಅದನ್ನು ದೊಡ್ಡಮ್ಮ ಗಮನಿಸಲಿಲ್ಲ. ಲೆಕ್ಕದ ಮೇಡಂ ಆದ ನಾನೂ ಗಮನಿಸಲಿಲ್ಲ. ಮುಖ ತೊಳೆಯಬೇಕು ಎನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ದೊಡ್ಡಮ್ಮನಿಗೆ ಈ ಕಾಡು ತನ್ನ ತವರುಮನೆಯಂತೆ ಕಂಡಿತು.

ಆಮೇಲಿನ ಆರು ವಾರ ನಾವು ಕಾಡಿಗೆಲ್ಲ ಮುಖ ತೊಳೆಸಿದೆವು. ದೊಡ್ಡಮ್ಮ ಮೊಣಕಾಲೂರಿ ಕೂರುವಳು, ಒಂದು ಕಣ್ಣು ಮುಚ್ಚುವಳು, "ನೀರು" ಎನ್ನುವಳು. ನಾನು ಚಿಮುಕಿಸುವೆ. ಎಲೆಯಂತೆ ಹರಡಿದ ಕಲ್ಲುಹೂವಿಗೆ "ಎರಡೂ ಕಿವಿ ಕಾಣ್ಲಿ" ಎನ್ನುವಳು. ಕೊಂಬೆಯಿಂದ ಗಡ್ಡದಂತೆ ಇಳಿಬಿದ್ದದ್ದನ್ನು ಮೇಕಪ್ ಬ್ರಶ್ಶಿನಿಂದ ನೀವಿ ಬಾಚುವಳು. ಕೆಲವು ಕಲ್ಲುಹೂವುಗಳ ಅಂಚಿಗೆ ಬೆಳ್ಳಗೆ ಹಿಟ್ಟಿನಂಥ ಪುಡಿ ಅಂಟಿಕೊಂಡಿತ್ತು. "ಇವಳನ್ನ ನೋಡೇ, ಪೌಡರ್ ಡಬ್ಬೀನೇ ಸುರ್ಕೊಂಡಿದ್ದಾಳೆ" ಎಂದು ಅದನ್ನೆಲ್ಲ ಒದ್ದೆ ಕರ್ಚೀಫಿನಲ್ಲಿ ಒರೆಸಿ ಚೊಕ್ಕ ಮಾಡುವಳು. ನೀರು ಬಿದ್ದ ಕೂಡಲೇ ಬೂದುಬಣ್ಣದ ಕಲ್ಲುಹೂವುಗಳು ಹಸಿರಾಗಿ ಹೊಳೆಯುತ್ತಿದ್ದವು. "ನೋಡು, ಎಂಥಾ ಬಣ್ಣ ಒಳಗೇ ಇಟ್ಕೊಂಡು ಕೂತಿದ್ದವು!" ಎಂದು ಅವಳು ಹಿಗ್ಗಿದಳು. ನಾನೂ ಹಿಗ್ಗಿದೆ, ಸುಳ್ಳೇಕೆ ಹೇಳಲಿ.

ಮೇಡಂ ಪರೀಕ್ಷೆ ಮುಗಿಸಿ ಬಂದ ದಿನ ಸ್ಟುಡಿಯೊದ ಮೇಜಿನ ಮೇಲೆ ನೂರು ಫೋಟೊ ಹರಡಿದೆವು. ದೊಡ್ಡಪ್ಪ ಅಂಗಡಿ ಬಿಟ್ಟು ಈಚೆ ಬಂದು ನಿಂತ. ಪಾಚಿಯ ಫೋಟೊಗಳನ್ನು ನೋಡಿ ಮೇಡಂ ಬಾಯಿಗೆ ಕೈ ಇಟ್ಟುಕೊಂಡರು. "ಇಷ್ಟು ಚೆನ್ನಾಗಿ ನಾನು ಯಾವ ಪುಸ್ತಕದಲ್ಲೂ ನೋಡಿಲ್ಲ" ಎಂದರು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡಳು. ಮೇಡಂ ಕಲ್ಲುಹೂವಿನ ಕಡೆ ತಿರುಗಿದರು. ಒಂದು ನೋಡಿದರು, ಹತ್ತು ನೋಡಿದರು, ಭೂತಗನ್ನಡಿ ತೆಗೆದು ನೋಡಿದರು.

"ಇವೆಲ್ಲ ಯಾಕೆ ಹಸಿರಾಗಿವೆ?"

"ಮುಖ ತೊಳೆಸಿದೆ."

"ಮತ್ತೆ ಇದರ ಅಂಚಲ್ಲಿ ಬಿಳೀ ಪುಡಿ ಇರ್ಬೇಕಿತ್ತಲ್ಲ?"

"ಒರೆಸಿದೆ" ಎಂದಳು ದೊಡ್ಡಮ್ಮ ಹೆಮ್ಮೆಯಿಂದ. "ತುಂಬಾ ಗಲೀಜಾಗಿತ್ತು."

ಮೇಡಂ ಕುರ್ಚಿಯಲ್ಲಿ ಕುಸಿದರು. ಒಳ್ಳೆಯ ಹೆಂಗಸು, ಬೈಯಲಿಲ್ಲ. ಮೆಲ್ಲಗೆ ಹೇಳಿದರು: ಕಲ್ಲುಹೂವು ಒದ್ದೆಯಾದರೆ ಮೇಲಿನ ಪದರ ಗಾಜಿನಂತಾಗಿ ಒಳಗಿನ ಹಸಿರು ಕಾಣುತ್ತದೆ, ಆಗ ಎಷ್ಟೋ ಜಾತಿಗಳು ಒಂದರಂತೆ ಒಂದು. ಒಣಗಿದಾಗಿನ ಬಣ್ಣ ನೋಡಿಯೇ ಗುರುತು ಹಿಡಿಯಬೇಕು. ಆ ಪುಡಿ ಕೊಳೆಯಲ್ಲ, ಅದು ಉದುರಿ ಬೇರೆ ಕಡೆ ಹೋಗಿ ಬೆಳೆಯುವ ಮರಿ. ಎಲ್ಲಿ ಪುಡಿಯಿದೆ, ಎಲ್ಲಿಲ್ಲ ಎನ್ನುವುದೇ ಆ ಜಾತಿಯ ಗುರುತು.

"ಗುರುತು" ಎಂದಳು ದೊಡ್ಡಮ್ಮ.

"ಹೂಂ. ನಮಗೆ ಮಚ್ಚೆ ಇದ್ದ ಹಾಗೆ."

ಮೇಡಂಗೆ ಆ ಮದುವೆ ಹುಡುಗಿಯ ಕಥೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನೂ ದೊಡ್ಡಪ್ಪನೂ ನೆಲ ನೋಡಿದೆವು. ದೊಡ್ಡಮ್ಮ ಎದ್ದು ಬೇಸಿನ್ನಿನ ಹತ್ತಿರ ಹೋಗಿ, ನಲ್ಲಿ ತಿರುಗಿಸಿ, ಮುಖ ತೊಳೆದುಕೊಂಡಳು. ತುಂಬ ಹೊತ್ತು ತೊಳೆದುಕೊಂಡಳು. ಅವಳು ಅಳುತ್ತಿದ್ದಾಳೆಂದು ನಮಗೆ ತಿಳಿಯಬಾರದೆಂದು ಹಾಗೆ ಮಾಡಿದಳು, ನಮಗೆ ತಿಳಿಯಿತು. ಆರು ವಾರದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ನನಗೆ ಅಯ್ಯೋ ಅನ್ನಿಸಿತು, ಎಷ್ಟೆಂದರೂ ನೀರಿನ ಬಾಟಲಿ ಹಿಡಿದವಳು ನಾನೇ.

ಟವೆಲಿನಲ್ಲಿ ಮುಖ ಒರೆಸಿಕೊಂಡು ಬಂದ ದೊಡ್ಡಮ್ಮ ಕೇಳಿದ್ದು ಒಂದೇ ಮಾತು. "ಎಷ್ಟು ದಿನ ಇದೆ?"

ಮುದ್ರಣಕ್ಕೆ ಕೊಡಲು ಹದಿನೈದು ದಿನ ಇತ್ತು. ಆದರೆ ನಡುವೆ ಮಳೆ ಹಿಡಿದರೆ ಕಾಡು ಮುಚ್ಚುತ್ತಾರೆ, ಆಮೇಲೆ ತಿಂಗಳುಗಟ್ಟಲೆ ಅಲ್ಲಿ ಒಂದು ಕಲ್ಲುಹೂವೂ ಒಣಗುವುದಿಲ್ಲ. "ಆದಷ್ಟು ತೆಗೀರಿ" ಎಂದರು ಮೇಡಂ. "ಮೊದಲನೇ ಪುಟಕ್ಕೆ ಒಣಗಿದ ಗುಮಾಸ್ತ ಸಿಗದೇ ಹೋದ್ರೆ ಬೇಜಾರು ಮಾಡ್ಕೋಬೇಡಿ. ನನ್ನ ಹಳೇ ವಿದ್ಯಾರ್ಥಿ ಒಬ್ಬ ಬೇರೆ ಕಡೆ ತೆಗೆದಿರೋದು ಇದೆ, ಅದನ್ನ ಹಾಕ್ತೀನಿ."

ಬೇಜಾರು ಮಾಡಿಕೊಳ್ಳಬೇಡಿ ಎಂದರೆ ಮುಗಿಯಿತೇ?

ಮರುದಿನದಿಂದ ನನ್ನ ಕೈಗೆ ಬಾಟಲಿಯ ಬದಲು ಬೀಸಣಿಗೆ ಬಂತು. ಮಳೆಯಿಲ್ಲದಿದ್ದರೂ ಆ ಕಾಡಿನಲ್ಲಿ ಬೆಳಗಿನ ಇಬ್ಬನಿ ಆರಲು ಹನ್ನೆರಡು ಗಂಟೆಯಾಗುತ್ತದೆ, ಮೂರಕ್ಕೆಲ್ಲ ಮತ್ತೆ ಮಂಜು. ನಡುವಿನ ಮೂರು ಗಂಟೆ ಮಾತ್ರ ನಮ್ಮದು. ಮುಂಚೆ ಒರೆಸಿದವುಗಳನ್ನು ಬಿಟ್ಟು ಅದೇ ಜಾತಿಯ ಬೇರೆಯವನ್ನು ಹುಡುಕಿ, ಎದುರಿಗೆ ಕುಳಿತು, ಒಣಗಲೆಂದು ಕಾಯುತ್ತಿದ್ದೆವು. ಜೀವಮಾನವೆಲ್ಲ "ಬೇಗ ಕೂತ್ಕೊಳ್ಳಿ" ಎಂದು ಗದರಿದವಳು ಈಗ ಒಂದು ತೊಗಟೆಯ ಮುಂದೆ ಕೈಕಟ್ಟಿ ಕುಳಿತು ಅದರ ಮರ್ಜಿ ಕಾಯುತ್ತಿದ್ದಳು. ಒಂದು ಮಧ್ಯಾಹ್ನ ಕಾಡಿನ ಕಾವಲುಗಾರ ಬಂದು, ನಾನು ಬೀಸಣಿಗೆ ಬೀಸುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿ, "ಏನಮ್ಮಾ, ಮರಕ್ಕೆ ಸೆಕೆ ಆಗ್ತಿದೆಯಾ?" ಎಂದು ಕೇಳಿದ.

"ಹೌದಪ್ಪ. ನೀನೂ ಸ್ವಲ್ಪ ಬೀಸ್ತೀಯಾ?" ಎಂದೆ. ಅವನು ಮತ್ತೆ ಆ ದಾರಿಗೆ ಬರಲಿಲ್ಲ.

ಹದಿಮೂರನೇ ದಿನಕ್ಕೆ ಐವತ್ತೊಂಬತ್ತು ಮುಗಿದವು. ಎಲ್ಲವೂ ಇದ್ದದ್ದು ಇದ್ದ ಹಾಗೆ: ಬೂದಿ ಬಣ್ಣ, ಪುಡಿ, ಸುಕ್ಕು, ಹರಿದ ಅಂಚು. ಉಳಿದದ್ದು ಗುಮಾಸ್ತನೊಬ್ಬನೇ. ಅವನಿದ್ದದ್ದು ತೊರೆಯ ಪಕ್ಕದ ಒಂದೇ ಮರದಲ್ಲಿ. ತೊರೆಯ ಹಸಿಗೆ ಅವನು ಒಣಗುವ ಮಾತೇ ಇರಲಿಲ್ಲ. ನಾಲ್ಕು ದಿನ ಅವನ ಮುಂದೆ ಕಾದಿದ್ದೆವು. ಹದಿಮೂರನೇ ದಿನ ಬೀಸಣಿಗೆ ಬೀಸುತ್ತಿದ್ದಾಗ ದೂರದಲ್ಲಿ ಜನ ಓಡಿಬಂದಂಥ ಸದ್ದಾಯಿತು. ಮಳೆ. ಎಲೆಗಳ ಮೇಲೆ ನಡೆದು ನಡೆದು ಹತ್ತಿರ ಬಂತು. ದೊಡ್ಡಮ್ಮ ಕ್ಯಾಮೆರಾಗೆ ಕೊಡೆ ಹಿಡಿದು, ತಾನು ತೊಪ್ಪೆಯಾಗುತ್ತ, ಕಣ್ಣೆದುರಿಗೇ ಗುಮಾಸ್ತ ಹಸಿರಾಗುವುದನ್ನು ನೋಡಿದಳು.

"ನಾನು ತೊಳೆದಿದ್ದು ಸಾಲಲಿಲ್ಲ ಅಂತ ಮೇಲಿಂದಾನೂ ತೊಳೀತಿದ್ದಾರೆ" ಎಂದಳು. ಅಷ್ಟು ಹೊತ್ತಿನಲ್ಲೂ ತಮಾಷೆ ಬಿಡಲಿಲ್ಲ.

ಮಳೆ ಹಿಡಿದರೆ ಅನುಮತಿ ಪತ್ರವನ್ನು ಅರಣ್ಯ ಕಚೇರಿಗೆ ಹಿಂದಿರುಗಿಸಬೇಕು. ಮರುದಿನ ಮಧ್ಯಾಹ್ನ ಹೋದೆವು. ಮೇಡಂಗೆ ಫೋಟೊಗಳನ್ನು ತಲುಪಿಸುವುದಿದ್ದರಿಂದ ದೊಡ್ಡಮ್ಮ ಕ್ಯಾಮೆರಾ ಚೀಲವನ್ನೂ ಹೆಗಲಿಗೆ ಹಾಕಿಕೊಂಡಿದ್ದಳು. ಕಚೇರಿಯ ಮುಂದೆ ಕ್ಯೂ ನಿಲ್ಲಲು ತಗಡಿನ ಮಾಡು ಹಾಕಿದ್ದಾರೆ. ಅಲ್ಲಿ ಮುಂಚಿನಿಂದ ಒಂದು ದೊಡ್ಡ ಮರವಿದೆ, ಊರು ಹುಟ್ಟುವುದಕ್ಕೆ ಮುಂಚೆ ಕಾಡು ಅಲ್ಲಿವರೆಗೂ ಇದ್ದ ಕಾಲದ್ದು. ಕಡಿಯಲು ಆಗದೆ ತಗಡನ್ನೇ ದುಂಡಗೆ ಕತ್ತರಿಸಿ, ಸುತ್ತ ಟಾರು ಮೆತ್ತಿ, ಮರವನ್ನು ಮೇಲೆ ಬಿಟ್ಟಿದ್ದಾರೆ. ಕ್ಯೂನಲ್ಲಿ ನಿಂತವರೆಲ್ಲ ಅದಕ್ಕೆ ಒರಗಿ ಒರಗಿ ಒಂದು ಪಕ್ಕ ನುಣುಪಾಗಿಹೋಗಿದೆ. ಹೊರಗೆ ಮಳೆ ಸುರಿಯುತ್ತಿತ್ತು, ತಗಡು ಕಿವುಡು ಮಾಡುವಷ್ಟು ಬಡಿದುಕೊಳ್ಳುತ್ತಿತ್ತು.

ದೊಡ್ಡಮ್ಮ ಅನುಮತಿ ಪತ್ರದಲ್ಲಿನ ತನ್ನ ನೀಲಿ ಮೂಗನ್ನು ನೋಡಿಕೊಂಡು ನಿಂತಿದ್ದಳು. ಅದು ಕೈಜಾರಿ ಬಿತ್ತು. ಗಾಳಿಗೆ ಹಾರಿ ಮರಕ್ಕೂ ಗೋಡೆಗೂ ನಡುವಿನ ಸಂದಿಗೆ ಹೋಯಿತು. ಅವಳು ಬಗ್ಗಿ ಕೈ ಹಾಕಿದಳು. ಹಾಗೇ ನಿಂತುಬಿಟ್ಟಳು.

"ಸಿಕ್ತಾ?" ಎಂದೆ.

"ಸಿಕ್ಕಿದ" ಎಂದಳು.

ಯಾರೂ ಒರಗಲಾರದ, ಮಳೆ ತಾಗದ ಆ ಒಳಮೈಗೆ ಗುಮಾಸ್ತ ಅಂಗೈ ಅಗಲಕ್ಕೆ ಕುಳಿತಿದ್ದ. ಒಣಗಿ ಗರಿಗರಿಯಾಗಿದ್ದ. ಬೂದು ಬಿಳುಪಿನ ಮೇಲೆ ಕಪ್ಪು ಗೀಟುಗಳು, ಒಂದೊಂದೂ ಬೇರೆ ಬೇರೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆವು. ಮೂವತ್ತೆರಡು ವರ್ಷಗಳಲ್ಲಿ ದೊಡ್ಡಮ್ಮ ಆ ಮರದ ಕೆಳಗೆ ಎಷ್ಟು ಸಲ ನಿಂತು ಸೀಲಪ್ಪನವರನ್ನು ಶಪಿಸಿದ್ದಾಳೋ ಲೆಕ್ಕವಿಲ್ಲ.

ಕ್ಯಾಮೆರಾ ತೆಗೆಯುತ್ತಿದ್ದಂತೆ ಕಿಟಕಿಯಿಂದ ಸೀಲಪ್ಪನವರ ದನಿ ಬಂತು. "ಅಲ್ಲಿ ಫೋಟೊ ತೆಗೆಯೋ ಹಾಗಿಲ್ಲ."

"ಅನುಮತಿ ಇದೆ. ಇವತ್ತು ಐದು ಗಂಟೆವರೆಗೂ ಇದೆ. ನೀವೇ ಸೀಲು ಹೊಡೆದಿದ್ದೀರಿ, ಮೂಗಿನ ಮೇಲೆ."

"ಅದು ಕಾಡಿಗೆ. ಇದು ಕಚೇರಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನನಗೆ ಸಿಟ್ಟು ನೆತ್ತಿಗೇರಿತು. ದೊಡ್ಡಮ್ಮ ಮಾತ್ರ ಬಹಳ ನಯವಾಗಿ, "ಸಾರ್, ನಿಮ್ಮ ಕಚೇರಿ ಸಾಮಾನಿಗೆಲ್ಲ ನಂಬರ್ ಬರೆದಿರ್ತೀರಲ್ವಾ? ಕುರ್ಚಿಗೆ, ಮೇಜಿಗೆ, ಆ ಕಸದ ಬುಟ್ಟಿಗೂ ಇದೆ" ಎಂದಳು.

"ಇರುತ್ತೆ. ನಿಯಮ."

"ಈ ಮರಕ್ಕೆ ಎಲ್ಲಿದೆ ತೋರಿಸಿ. ನಂಬರ್ ಇಲ್ಲ ಅಂದ್ಮೇಲೆ ಇದು ಕಚೇರಿದಲ್ಲ, ಕಾಡಿಂದು."

ಸೀಲಪ್ಪನವರು ಒಂದು ದಪ್ಪ ಪುಸ್ತಕ ತೆಗೆದರು. ಮೊದಲಿನಿಂದ ಕೊನೆವರೆಗೆ ಬೆರಳಾಡಿಸಿದರು. ಫ್ಯಾನುಗಳಿದ್ದವು, ಬೀಗಗಳಿದ್ದವು, ಮರ ಇರಲಿಲ್ಲ. ಪುಸ್ತಕ ಮುಚ್ಚಿ, "ಐದು ಗಂಟೆವರೆಗೆ" ಎಂದು ಮತ್ತೆ ಸೀಲು ಕುಟ್ಟಲು ಹೋದರು. ಇಷ್ಟೆಲ್ಲ ಆದರೂ ದೊಡ್ಡಮ್ಮ ಏನು ತೆಗೆಯುತ್ತಿದ್ದಾಳೆಂದು ಬಗ್ಗಿ ನೋಡಲಿಲ್ಲ.

ಸಂದಿಯಲ್ಲಿ ಬೆಳಕು ಸಾಲದು. ಸ್ಟುಡಿಯೊದಲ್ಲಾದರೆ ಬಿಳಿ ಹಲಗೆ ಇದೆ. ದೊಡ್ಡಮ್ಮ ಕ್ಯೂ ಕಡೆ ತಿರುಗಿ, ಗಿರಾಕಿಗಳಿಗೆ ಹೇಳುವ ದನಿಯಲ್ಲೇ, "ಎಲ್ಲಾರೂ ಅರ್ಜಿ ಮೇಲೆ ಹಿಡೀರಿ. ಬಿಳೀ ಕಡೆ ಈ ಕಡೆಗೆ. ಹಾಂ, ಇನ್ನೂ ಸ್ವಲ್ಪ ಮೇಲೆ. ಯಾರೂ ಅಲ್ಲಾಡ್ಬೇಡಿ!" ಎಂದಳು. ಅವರಲ್ಲಿ ಯಾರ ಫೋಟೊವನ್ನು ಅವಳು ತೆಗೆದಿರಲಿಲ್ಲ? ಅಭ್ಯಾಸ ಬಲದಿಂದ ಎಲ್ಲರೂ ಗಲ್ಲ ಎತ್ತಿ, ಅರ್ಜಿ ಹಿಡಿದು, ನಗದೆ ನಿಂತರು. ಹನ್ನೆರಡು ಅರ್ಜಿಗಳ ಬೆಳಕು ಗುಮಾಸ್ತನ ಮೇಲೆ ಬಿತ್ತು.

ಗುಮಾಸ್ತನ ಒಂದು ಮೂಲೆಯಲ್ಲಿ ಜೇಡರ ಬಲೆಯ ಎಳೆಯಿತ್ತು. ದೊಡ್ಡಮ್ಮನ ಕೈ ತನ್ನಷ್ಟಕ್ಕೆ ಸೊಂಟದ ಕರ್ಚೀಫಿಗೆ ಹೋಯಿತು. ಕರ್ಚೀಫು ಅರ್ಧ ಹೊರಗೆ ಬಂದು, ಮತ್ತೆ ಒಳಗೆ ಹೋಯಿತು.

"ಇರು, ಇದ್ದ ಹಾಗೇ ಇರು" ಎಂದು ಅವನಿಗೆ ಹೇಳಿ, ಒತ್ತಿದಳು.

ಪುಸ್ತಕ ಅಚ್ಚಾಗಿ ಬಂತು. ಮೊದಲನೇ ಪುಟದ ತುಂಬ ಗುಮಾಸ್ತ, ಜೇಡರ ಎಳೆಯ ಸಮೇತ. ದೊಡ್ಡಪ್ಪ ಕಣ್ಣಿಗೆ ರಿಪೇರಿಯ ಕನ್ನಡಿ ಸಿಕ್ಕಿಸಿಕೊಂಡು ಅರ್ಧ ಗಂಟೆ ನೋಡಿದ. ಆದರೆ ಗಂಡ ನೋಡಿದ್ದು ನೋಡಿದ ಲೆಕ್ಕಕ್ಕೆ ಬರುವುದಿಲ್ಲವಂತೆ. ಅಷ್ಟರಲ್ಲಿ ಮೇಡಂ ಒಂದು ಬಾಂಬು ಹಾಕಿದರು: ಅನುಮತಿಯ ಷರತ್ತಿನಂತೆ ಪುಸ್ತಕದ ಒಂದು ಪ್ರತಿಯನ್ನು ಅರಣ್ಯ ಕಚೇರಿಗೆ ಕೊಡಬೇಕು.

"ಕಚೇರಿಗೆ ಬಂದ ಪುಸ್ತಕಕ್ಕೆ ಎಲ್ಲಿ ಸೀಲು ಹೊಡೀತಾರೆ?" ದೊಡ್ಡಮ್ಮ ಕೇಳಿದಳು.

"ಮೊದಲನೇ ಪುಟಕ್ಕೆ" ಎಂದರು ಮೇಡಂ, ಪಾಪ, ಏನೂ ಅರಿಯದೆ.

ಬೇರೆ ಯಾರ ಕೈಯಲ್ಲಾದರೂ ಕಳಿಸೋಣ ಎಂದೆ. ದೊಡ್ಡಮ್ಮ ಕೇಳಲಿಲ್ಲ. "ನನ್ನ ಮಗೂನ ಇಂಜೆಕ್ಷನ್ನಿಗೆ ನಾನೇ ಕರ್ಕೊಂಡು ಹೋಗ್ಬೇಕು" ಎಂದು ಪುಸ್ತಕವನ್ನು ಸ್ಟುಡಿಯೊದ ಒಗೆದ ಟವೆಲಿನಲ್ಲಿ ಸುತ್ತಿಕೊಂಡು ಹೊರಟಳು. ಕ್ಯೂನಲ್ಲಿ ನಿಂತೆವು. ಅವಳ ಸರದಿ ಬಂತು. ಪುಸ್ತಕವನ್ನು ಕಿಟಕಿಯ ಒಳಗೆ ತಳ್ಳಿದಳು. ಸೀಲಪ್ಪನವರು ತಲೆ ಎತ್ತದೆ ರಟ್ಟು ತೆರೆದರು, ಮೊದಲನೇ ಪುಟ ಬಿಡಿಸಿದರು, ಅಂಗೈಯಿಂದ ಒತ್ತಿ ಸಪಾಟು ಮಾಡಿದರು. ಸೀಲನ್ನು ಶಾಯಿಗೆ ಎರಡು ಸಲ ಅದ್ದಿ ಎತ್ತಿದರು.

ಕಣ್ಣು ಮುಚ್ಚಬೇಡಿ, ಕಣ್ಣು ಮುಚ್ಚಬೇಡಿ ಎಂದು ಊರಿಗೆಲ್ಲ ಬೈದ ನನ್ನ ದೊಡ್ಡಮ್ಮ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು.

ಧಡ್ ಎಂಬ ಸದ್ದು ಬರಲಿಲ್ಲ. ಒಂದು ಕಣ್ಣು ತೆರೆದಳು. ಸೀಲು ಗಾಳಿಯಲ್ಲೇ ನಿಂತಿತ್ತು.

"ಏನ್ರೀ ಬರೆದಿರೋದು ಇದು?" ಎಂದರು ಸೀಲಪ್ಪನವರು. ಕನ್ನಡಕವನ್ನು ಹಣೆಗೆ ಏರಿಸಿ ಪುಟಕ್ಕೆ ಮೂಗು ತಾಗುವಷ್ಟು ಬಗ್ಗಿದ್ದರು. "ಕೈಬರಹದ ಹಾಗೇ ಇದೆ. ಓದೋಕೆ ಆಗ್ತಾ ಇಲ್ಲ."

"ಯಾರೂ ಬರೆದಿಲ್ಲ ಸಾರ್. ಅದು ಕಲ್ಲುಹೂವು. ಇರೋದೇ ಹಾಗೆ."

"ಈ ಸಣ್ಣ ಗೆರೆ? ಇಲ್ಲಿ, ಮೂಲೇಲಿ?"

"ಜೇಡರ ಬಲೆ. ಒರೆಸಲಿಲ್ಲ."

ಸೀಲಪ್ಪನವರು ಬೆರಳಿನಿಂದ ಗೀಟುಗಳನ್ನು ಒಂದೊಂದಾಗಿ ಹಿಂಬಾಲಿಸಿದರು. ಪುಟ ಮುಟ್ಟದೆ, ಸ್ವಲ್ಪ ಮೇಲೆ. "ಎಷ್ಟು ದೂರದ ಕಾಡಲ್ಲಿದೆ ಇದು?"

"ನಿಮ್ಮ ಕಿಟಕಿ ಹೊರಗೆ" ಎಂದಳು ದೊಡ್ಡಮ್ಮ. "ಆ ಮರದ ಹಿಂದೆ."

ಅವರು ತಲೆ ಎತ್ತಿದರು. ಅವರ ಕಣ್ಣು ಯಾವ ಬಣ್ಣದ್ದೆಂದು ನಾನು ನೋಡಿದ್ದು ಅಂದೇ. ಸೀಲನ್ನು ಅದರ ಡಬ್ಬಿಯಲ್ಲಿಟ್ಟರು, ಡಬ್ಬಿ ಮುಚ್ಚಿದರು. ಪುಸ್ತಕವನ್ನು ಎದೆಗೆ ಅವಚಿಕೊಂಡು ಎದ್ದು, ಪಕ್ಕದ ಬಾಗಿಲಿನಿಂದ ಹೊರಗೆ ಬಂದು, ಹೊಟ್ಟೆ ಒಳಗೆಳೆದುಕೊಂಡು ಮರಕ್ಕೂ ಗೋಡೆಗೂ ನಡುವೆ ತೂರಿಕೊಂಡರು. ನಮಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ತಲೆ ಒಮ್ಮೆ ಪುಸ್ತಕದ ಕಡೆ, ಒಮ್ಮೆ ಮರದ ಕಡೆ ತಿರುಗುತ್ತಿತ್ತು.

ಐದು ನಿಮಿಷವಾಯಿತು. ಹತ್ತಾಯಿತು. ಕ್ಯೂನಲ್ಲಿ ಗೊಣಗಾಟ ಶುರುವಾಯಿತು. "ಏನಮ್ಮಾ, ಸೀಲು ಹೊಡೆಯೋರು ಎಲ್ಲಿಗೆ ಹೋದ್ರು? ನಾವು ಮನೆಗೆ ಹೋಗೋದು ಬೇಡ್ವಾ?" ಎಂದು ಹಿಂದಿನಿಂದ ಯಾರೋ ಕೂಗಿದರು.

ದೊಡ್ಡಮ್ಮ ತಿರುಗಿದಳು. ಅವಳ ಮುಖವೆಲ್ಲ ಒದ್ದೆಯಾಗಿತ್ತು, ಹತ್ತಿರದಲ್ಲಿ ಬೇಸಿನ್ನಿರಲಿಲ್ಲ.

"ಸ್ವಲ್ಪ ತಡ್ಕೊಳ್ಳಿ" ಎಂದಳು. "ಅವರು ಫೋಟೊ ನೋಡ್ತಿದ್ದಾರೆ."